ಹಳೇ ಕಾಂಕ್ರೀಟ್ ಭವನದ ಪಕ್ಕ ಮರದ ಕ್ರೀಡಾಂಗಣ ಕಟ್ಟಬಹುದೇ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ 1960ರ ದಶಕದ ಕಾಂಕ್ರೀಟ್ ಸಭಾಭವನವಿದೆ. ಚಪ್ಪಟೆ ಚಾವಣಿ, ಉದ್ದನೆಯ ಸಜ್ಜಾ, ಗೋಡೆ ತುಂಬಾ ಸಿಮೆಂಟ್ ಜಾಲಿ. ಪಕ್ಕದ ಖಾಲಿ ಜಾಗದಲ್ಲಿ ಎರಡು ಶಟಲ್ ಕೋರ್ಟ್ ಇರುವ ಮರದ ಒಳಾಂಗಣ ಕ್ರೀಡಾಂಗಣ ಕಟ್ಟಬೇಕು ಅಂತ ಯುವಕ ಸಂಘದವರ ಆಸೆ. ಹಳೇದನ್ನು ಕೆಡವಿಬಿಡಿ ಅಂತ ಕೆಲವರು. ಹೊಸದನ್ನೂ ಅದೇ ರೂಪದಲ್ಲಿ ಕಟ್ಟಿ ಅಂತ ಇನ್ನು ಕೆಲವರು. ಏನು ಮಾಡೋಣ?
– ಓದುಗರು, ಸಾಗರ

ಉತ್ತರ: ಮೊದಲು ಒಂದು ಮಾತು, ದಯವಿಟ್ಟು ಕೆಡವಬೇಡಿ. ದೆಹಲಿಯ ಪ್ರಗತಿ ಮೈದಾನದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಎಂಬ ಕಾಂಕ್ರೀಟ್ ಪ್ರದರ್ಶನ ಭವನವನ್ನು 2017ರಲ್ಲಿ ನೆಲಸಮ ಮಾಡಿದರು. ಆ ನೋವು ನನಗೆ ಇನ್ನೂ ಹೋಗಿಲ್ಲ. ನಿಮ್ಮ ಭವನ ಅಷ್ಟು ಹೆಸರುವಾಸಿ ಅಲ್ಲದಿರಬಹುದು. ಆದರೆ ಬಿಸಿಲಿಗೆ ಸಜ್ಜಾ, ಗಾಳಿಗೆ ಜಾಲಿ ಅಂತ ಯೋಚಿಸಿ ಕಟ್ಟಿದವರ ಜಾಣ್ಮೆ ಅದರಲ್ಲಿದೆ. ಅಲ್ಲಲ್ಲಿ ಸಿಮೆಂಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಹೊಸದಕ್ಕೆ ಅದೇ ರೂಪ ಬೇಡ. ಮರದ ಮೇಲೆ ಕಾಂಕ್ರೀಟ್ ವೇಷ ಹಾಕಿದರೆ ಎರಡೂ ಕೆಡುತ್ತವೆ. ಹಳೇ ಕಟ್ಟಡದಿಂದ ತೆಗೆದುಕೊಳ್ಳಬೇಕಾದದ್ದು ಅದರ ಅಳತೆ.

ನಿಮ್ಮ ನಿಜವಾದ ಕಷ್ಟ ಎತ್ತರದ್ದು. ದೊಡ್ಡ ಅಂತರರಾಷ್ಟ್ರೀಯ ಟೂರ್ನಿಗೆ ಕೋರ್ಟ್ ಮೇಲೆ 12 ಮೀಟರ್ ಖಾಲಿ ಜಾಗ ಬೇಕು. ಬಡಾವಣೆಯ ಆಟಕ್ಕೆ 9 ಮೀಟರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೂ ಅದು ನಿಮ್ಮ ಭವನಕ್ಕಿಂತ ಎತ್ತರವೇ ಆಗುತ್ತದೆ. ನೆಲವನ್ನು ತಗ್ಗಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಾಗರದ ಮಳೆಗೆ ಅದು ಕೆರೆ ಆಗಿಬಿಡುತ್ತದೆ. ಬದಲಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಸ್ಟೋರ್, ಜಗಲಿ ಇವನ್ನೆಲ್ಲ ಹಳೇ ಭವನದ ಕಡೆಗೆ ಇಡಿ. ಅವುಗಳ ಮಾಡಿನ ಅಂಚು ಹಳೇ ಸಜ್ಜಾದ ಮಟ್ಟಕ್ಕೇ ನಿಲ್ಲಲಿ. ಎತ್ತರದ ಹಾಲ್ ಹಿಂದೆ ಸರಿಯಲಿ. ರಸ್ತೆಯಿಂದ ನೋಡುವವರಿಗೆ ಆ ಒಂದು ಗೆರೆ ಮುಂದುವರಿದಂತೆ ಕಾಣುತ್ತದೆ. ಎರಡು ಕಟ್ಟಡಗಳನ್ನು ಅಂಟಿಸಬೇಡಿ. ನಡುವೆ ಅಗಲವಾದ ಅಂಗಳ ಬಿಟ್ಟರೆ ಜಾಲಿಗೆ ಗಾಳಿ ಬೆಳಕು ತಪ್ಪುವುದಿಲ್ಲ, ಆಟದ ಗಲಾಟೆ ಸಭೆಗೆ ಕೇಳುವುದೂ ಕಡಿಮೆ.

ಮರವನ್ನು ಆರಿಸಿದ್ದು ನನಗೆ ಬಹಳ ಇಷ್ಟವಾಯಿತು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗುತ್ತದೆ, ತೇಗ ಸುಮಾರು 650. ಹಗುರ ಕಟ್ಟಡಕ್ಕೆ ಆಳದ ಪಾಯ ಬೇಡ. ಹಳೇ ಪಾಯದ ಪಕ್ಕ ಅದಕ್ಕಿಂತ ಆಳಕ್ಕೆ ಅಗೆದರೆ ಅದರಡಿಯ ಮಣ್ಣು ಸಡಿಲವಾಗುವ ಅಪಾಯವಿದೆ. ಆದರೆ ಹಗುರ ಚಾವಣಿಯನ್ನು ಗಾಳಿ ಮೇಲಕ್ಕೆತ್ತುತ್ತದೆ. ಹಾಗಾಗಿ ತೊಲೆಯಿಂದ ಪಾಯದವರೆಗೆ ಬೋಲ್ಟ್ ಹಾಕಿ ಹಿಡಿದಿಡಬೇಕು. ಇದರ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಿ.

ಒಂದು ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಎರಡನ್ನು ಅಕ್ಕಪಕ್ಕ ಇಟ್ಟು ಸುತ್ತಲೂ ನಡುವೆಯೂ 2 ಮೀಟರ್ ಜಾಗ ಬಿಟ್ಟರೆ ಅಡ್ಡಕ್ಕೆ ಸುಮಾರು 18 ಮೀಟರ್ ಆಗುತ್ತದೆ. ಅಷ್ಟು ಉದ್ದಕ್ಕೆ ಒಂದೇ ದಿಮ್ಮಿಯ ತೊಲೆ ಹುಡುಕಿಕೊಂಡು ಹೋಗಬೇಡಿ. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುವ ಗ್ಲುಲ್ಯಾಮ್ ತೊಲೆ, ಇಲ್ಲವೇ ಸಣ್ಣ ಮರಗಳನ್ನು ತ್ರಿಕೋನಗಳಾಗಿ ಜೋಡಿಸಿದ ಟ್ರಸ್ ಸಾಕು. ಕೆನಡಾದ ರಿಚ್ಮಂಡ್‌ನಲ್ಲಿ 2010ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಓವಲ್ ಎಂಬ ಸ್ಕೇಟಿಂಗ್ ಕ್ರೀಡಾಂಗಣ ಈಗ ಊರವರ ಕ್ರೀಡಾ ಕೇಂದ್ರ. ಅದರ ಚಾವಣಿಗೆ ಜೀರುಂಡೆ ಹುಳ ಬಿದ್ದು ಸತ್ತ ಪೈನ್ ಮರಗಳ ಸಣ್ಣ ಪಟ್ಟಿಗಳನ್ನು ಬಳಸಿದ್ದಾರೆ. ಸಾಧಾರಣ ಮರದಿಂದಲೂ ದೊಡ್ಡ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ಗಾಳಿಯ ವಿಷಯ. ಶಟಲ್‌ನ ತೂಕ ಹೆಚ್ಚೆಂದರೆ 5.5 ಗ್ರಾಂ. ಸಣ್ಣ ಗಾಳಿ ಬೀಸಿದರೂ ದಾರಿ ತಪ್ಪುತ್ತದೆ. ಹಾಗಂತ ಹಾಲನ್ನು ಪೂರ್ತಿ ಮುಚ್ಚಿದರೆ ಮಳೆಗಾಲದಲ್ಲಿ ಮರಕ್ಕೆ ಬೂಷ್ಟು ಹಿಡಿಯುತ್ತದೆ. ನೆಲದ ಹತ್ತಿರ ಮತ್ತು ಚಾವಣಿಯ ತುದಿಯಲ್ಲಿ ತೆರೆದು ಮುಚ್ಚುವ ಕಿಂಡಿಗಳನ್ನು ಇಡಿ. ಆಟದ ಹೊತ್ತಿನಲ್ಲಿ ಕೆಳಗಿನದನ್ನು ಮುಚ್ಚಿ, ಉಳಿದ ಹೊತ್ತು ಎಲ್ಲವೂ ತೆರೆದಿರಲಿ. ಬೆಳಕು ಉತ್ತರದ ಕಡೆಯಿಂದ, ಮೇಲಿನಿಂದ ಬರಲಿ. ಆಟಗಾರರ ಕಣ್ಣಿಗೆ ನೇರ ಬಿಸಿಲು ಹೊಡೆಯಬಾರದು.

ಪ್ರಶ್ನೆ: ಮೇಲಿನವರ ಸಂಘದಲ್ಲಿ ನಾನೂ ಇದ್ದೇನೆ. ಮಳೆ, ಗೆದ್ದಲು, ಬೆಂಕಿ ಇವು ಮೂರೂ ಇರುವಾಗ ಮರ ಬೇಕಾ ಅನ್ನೋದು ನನ್ನ ಅನುಮಾನ.
– ಇನ್ನೊಬ್ಬ ಓದುಗರು, ಸಾಗರ

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ನಮ್ಮಪ್ಪ ಬಡಗಿ. ಬುಡಕ್ಕೆ ಕಲ್ಲಿಲ್ಲದೆ ಅವರು ಮರದ ಕಂಬ ನಿಲ್ಲಿಸುತ್ತಿರಲಿಲ್ಲ. ನೀವೂ ಕಂಬವನ್ನು ಕಲ್ಲು ಇಲ್ಲವೇ ಕಬ್ಬಿಣದ ಪಾದದ ಮೇಲೆ, ನೆಲದಿಂದ ಒಂದಡಿಯಾದರೂ ಮೇಲೆ ನಿಲ್ಲಿಸಿ. ಗೆದ್ದಲಿನ ಮಣ್ಣಿನ ಗೆರೆ ಹತ್ತಿದರೆ ಕಣ್ಣಿಗೆ ಬೀಳುತ್ತದೆ, ನೀರೂ ನಿಲ್ಲುವುದಿಲ್ಲ. ಮಾಡಿನ ಅಂಚು ಗೋಡೆಯಿಂದ ಮೀಟರ್‌ಗೂ ಜಾಸ್ತಿ ಮುಂದೆ ಚಾಚಿರಲಿ. ಮರ ಒದ್ದೆಯಾದರೆ ಪರವಾಗಿಲ್ಲ, ಒಣಗಲು ದಾರಿ ಇರಬೇಕು ಅಷ್ಟೆ.

ಬೆಂಕಿಗೆ ದಪ್ಪ ತೊಲೆ ಹೊರಗಿನಿಂದ ನಿಧಾನವಾಗಿ ಕರಕಲಾಗುತ್ತದೆ, ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್. ಆ ಕರಕಲೇ ಒಳಗಿನ ಮರವನ್ನು ಕಾಯುತ್ತದೆ. ಅರ್ಧ ಗಂಟೆಯಲ್ಲಿ ಎರಡು ಸೆಂಟಿಮೀಟರ್ ಹೋಗುತ್ತದೆ ಅಂತ ಲೆಕ್ಕ ಹಾಕಿ, ಅಷ್ಟು ದಪ್ಪ ಸೇರಿಸಿಯೇ ತೊಲೆ ಮಾಡುತ್ತಾರೆ. ಕಬ್ಬಿಣ ಬಿಸಿಯಾದರೆ ಬೇಗ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಜೋಡಣೆಯ ಪ್ಲೇಟ್‌ಗಳು ಮರದ ಒಳಗೇ ಅಡಗಿರಬೇಕು.

ಯಾವ ಮರ, ಯಾವ ಔಷಧಿ ಅಂತ ತೀರ್ಮಾನಿಸುವ ಮೊದಲು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರನ್ನು ಕೇಳಿ. ಮರ ಕೊಳ್ಳುವಾಗ ತೇವಾಂಶ ಅಳೆದು ತೋರಿಸಲು ಹೇಳಿ. ಹಸಿ ಮರದಲ್ಲಿ ಕಟ್ಟಿದರೆ ಒಣಗುವಾಗ ಬಿರಿದು ಜೋಡಣೆ ಸಡಿಲವಾಗುತ್ತದೆ. ಆಗ ಎಷ್ಟು ಬೋಲ್ಟ್ ಬಿಗಿದರೂ ಪ್ರಯೋಜನವಿಲ್ಲ.