ರಸ್ತೆ ಬಂದ್ ಆಗಲಿ ಎಂದು ಬೇಡಿಕೊಂಡವರು

ಇದನ್ನು ಬರೆಯಲೋ ಬೇಡವೋ ಎಂದು ತುಂಬಾ ದಿನ ಯೋಚಿಸಿದೆ. ಹೋಮ್‌ಸ್ಟೇ ನಡೆಸುವವರು, ಬೇಕರಿಯವರು, ಮನೆಯಲ್ಲೇ ಚಾಕೊಲೇಟ್ ಮಾಡಿ ಮಾರುವವರು ಒಬ್ಬರಾದ ಮೇಲೊಬ್ಬರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದು, ವ್ಯಾಪಾರ ಕೈಮೀರಿ ನಿದ್ದೆಗೆಟ್ಟ ಹೆಚ್ಚುಕಡಿಮೆ ಇದೇ ಸಂಕಟ ಹೇಳಿಕೊಂಡಾಗ ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು. ಅಂಥವರಲ್ಲೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಶಾರದಕ್ಕ ಎನ್ನುತ್ತೇನೆ.

ಮಡಿಕೇರಿಗೆ ಹತ್ತಿರದ ಒಂದು ಹಳ್ಳಿ. ವಯಸ್ಸು ನಲವತ್ತು ದಾಟಿದೆ. ಗಂಡ ಕಾಫಿ ತೋಟವೊಂದರಲ್ಲಿ ರೈಟರು, ಮಗಳು ಪಿಯುಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಈ ಮನೆಯವರೂ ಪರಿಹಾರ ಕೇಂದ್ರದಲ್ಲಿದ್ದರು. ಮನೆ ಉಳಿಯಿತು, ಆದರೆ ತೋಟದ ಸಂಬಳ ಅರ್ಧಕ್ಕೆ ಇಳಿಯಿತು. ಅತ್ತೆಯಿಂದ ಕಲಿತ ಕಾಚಂಪುಳಿಯನ್ನು, ಅಂದರೆ ಕೊಡಗಿನ ಅಡುಗೆಗೆ ಬಳಸುವ ಕಪ್ಪು ಹುಳಿರಸವನ್ನು, ಬಾಟಲಿಗೆ ತುಂಬಿ ಮಾರಲು ಶುರುಮಾಡಿದ್ದು ಆಗಲೇ. ಮೊದಲು ನಾಲ್ಕು ಅಂಗಡಿ, ಆಮೇಲೆ ಹೋಮ್‌ಸ್ಟೇಗಳು, ಆಮೇಲೆ ಮೈಸೂರು. ಆಹಾರ ಸಂಸ್ಕರಣೆಗೆ ಕೇಂದ್ರದ ಯೋಜನೆಯಲ್ಲಿ ಶೇಕಡಾ 35ರಷ್ಟು ಸಹಾಯಧನ ಸಿಗುತ್ತದೆಂದು ಎಲ್ಲರೂ ಹೇಳಿದರು. ಸಾಲ ಮಾಡಿ ಮಸಾಲೆ ಪುಡಿಯ ಯಂತ್ರವನ್ನೂ ತಂದರು. ಆ ಯಂತ್ರ ಬೇಕಾಗಿತ್ತೇ ಎಂದು ಯಾರೂ ಕೇಳಿರಲಿಲ್ಲ. ಸಹಾಯಧನ ಇದೆ ಎನ್ನುವುದು ವ್ಯಾಪಾರ ದೊಡ್ಡದು ಮಾಡಲು ಕಾರಣವಾಗಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನನ್ನ ಬಳಿ ಬಂದಾಗ ಅವರಿಗೆ ನಿದ್ದೆ ಇರಲಿಲ್ಲ. ಫೋನ್ ರಿಂಗ್ ಆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ಎದ್ದು ಮೊದಲು ಯಾವ ಕೆಲಸ ಹಿಡಿಯಬೇಕೆಂದು ತೋಚದೆ ಗಂಟೆಗಟ್ಟಲೆ ಅಡುಗೆಮನೆಯಲ್ಲಿ ನಿಂತೇ ಇರುತ್ತಿದ್ದರು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇದನ್ನು ನಾನು ಪ್ರತಿಯೊಬ್ಬರಿಗೂ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳುವಳಿಕೆ. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು. ಮೊದಲೆರಡು ಭೇಟಿಯಲ್ಲಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ದಿನಚರಿಯ ಪಟ್ಟಿಯನ್ನೂ ಮಾಡಿಸಿದೆ. ಪಟ್ಟಿ ಅವರ ಪಾಲಿಗೆ ಇನ್ನೊಂದು ಕೆಲಸವಾಯಿತು, ಅಷ್ಟೇ.

ಮೂರನೆಯ ಭೇಟಿ ಜುಲೈ ಕೊನೆಯಲ್ಲಿ. ಹೊರಗೆ ಸುರಿಯುತ್ತಿತ್ತು, ಕರೆಂಟ್ ಹೋಗಿ ಎರಡು ದಿನವಾಗಿತ್ತು. ಒದ್ದೆ ಕೊಡೆಯನ್ನು ಬಾಗಿಲಿಗೆ ಒರಗಿಸಿ ಕೂತರು. ಬೆರಳ ತುದಿಗಳು ಕಪ್ಪಾಗಿದ್ದವು. ಕಾಚಂಪುಳಿ ಮಾಡುವ ಪಣಪುಳಿ ಕಾಯಿ ಹಣ್ಣಾಗುವುದು ಮಳೆಗಾಲದಲ್ಲೇ. ಕುಕ್ಕೆಯಲ್ಲಿಟ್ಟ ಹಣ್ಣಿನಿಂದ ದಿನಗಟ್ಟಲೆ ಹನಿಹನಿಯಾಗಿ ರಸ ಇಳಿಯಬೇಕು, ಅದನ್ನು ಒಲೆಯ ಮೇಲೆ ಕಪ್ಪಗೆ ಮಂದವಾಗುವವರೆಗೆ ಕುದಿಸಬೇಕು. ಯಾವಾಗ ಇಳಿಸಬೇಕೆಂದು ಶಾರದಕ್ಕನ ಕಣ್ಣಿಗೆ ಮಾತ್ರ ಗೊತ್ತು. ಸಹಾಯಕ್ಕೆ ಇಬ್ಬರು ಹೆಂಗಸರಿದ್ದರೂ ಒಲೆಯ ಮುಂದೆ ಅವರನ್ನು ಬಿಡುತ್ತಿರಲಿಲ್ಲ.

ತುಂಬಾ ಹೊತ್ತು ಕಿಟಕಿ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು: "ಮೇಡಂ, ಯಾರಿಗೂ ಹೇಳ್ಬೇಡಿ. ನಿನ್ನೆ ರಾತ್ರಿ ಕಾವೇರಮ್ಮನ ಹತ್ರ ಬೇಡ್ಕೊಂಡೆ. ಈ ಸಲವೂ ರಸ್ತೆ ಬಂದ್ ಆಗ್ಲಿ ಅಂತ. ಬಂದ್ ಆದ್ರೆ ಗಾಡಿ ಬರಲ್ಲ, ಯಾರೂ ಮಾಲು ಕೇಳಲ್ಲ, ನಾನು ಮಲಗ್ಬಹುದು."

ಹೇಳಿ ಅತ್ತರು. ಅದೇ ಮಳೆಯಲ್ಲಿ ಜನ ಸತ್ತಿದ್ದನ್ನು ಕಂಡವರು, ಅದೇ ಮಳೆಯನ್ನು ಬೇಡಿಕೊಂಡಿದ್ದರು. ತಾನು ಪಾಪಿ ಎನ್ನುವುದು ಅವರ ಭಾವನೆ. ನನಗೆ ಅಲ್ಲಿ ಪಾಪ ಕಾಣಲಿಲ್ಲ. ಅನುಮತಿಯಿಲ್ಲದೆ ನಿಲ್ಲಲಾರದ ಒಬ್ಬ ಹೆಂಗಸು ಕಂಡರು. ಮನೆ ಉಳಿಸಿದವರು, ಮಗಳ ಫೀಸು ಕಟ್ಟಿದವರು ಸುಸ್ತಾಗಿದೆ ಎಂದು ಯಾರ ಹತ್ತಿರ ಹೇಳಬೇಕು? ಗುಡ್ಡ ಜರಿದರೆ ಮಾತ್ರ ಯಾರೂ ಬೈಯುವುದಿಲ್ಲ.

"ರಸ್ತೆ ಬಂದ್ ಆದ್ರೆ ಆ ದಿನ ಏನು ಮಾಡ್ತೀರಿ?" ಎಂದು ಕೇಳಿದೆ.

"ಮಲಗ್ತೀನಿ. ಮಗಳ ತಲೆಗೆ ಎಣ್ಣೆ ಹಚ್ತೀನಿ. ಅತ್ತೆ ಜೊತೆ ಒಲೆ ಹತ್ರ ಕೂತು ರೊಟ್ಟಿ ತಿಂತೀನಿ."

"ರಸ್ತೆ ಬಂದ್ ಮಾಡೋ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಮಾತ್ರ ಅಲ್ಲ ಶಾರದಕ್ಕ, ನಿಮಗೂ ಇದೆ."

ಮಾತು ಅಲ್ಲಿಗೆ ಬಿಡಲಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಲೆಕ್ಕ ಬರೆಸಿದೆ: ಒಪ್ಪಿಕೊಂಡ ಬಾಟಲಿ ಎಷ್ಟು, ಸಿಗುವ ಹಣ್ಣಿಗೆ ಆಗುವ ಬಾಟಲಿ ಎಷ್ಟು. ಒಪ್ಪಿಕೊಂಡದ್ದು ಹೆಚ್ಚುಕಡಿಮೆ ಎರಡರಷ್ಟಿತ್ತು. ಅವರು ರಾತ್ರಿಯೆಲ್ಲ ಎದ್ದಿದ್ದರೂ ಆಗದ ಕೆಲಸ ಅದು. ಕಾಗದ ನೋಡಿ "ಅಯ್ಯೋ" ಎಂದರು, ಆಮೇಲೆ ಬೆನ್ನು ಕುರ್ಚಿಗೆ ತಾಗಿತು. ಅಲ್ಲಿಯವರೆಗೂ ಅವರು ಕುರ್ಚಿಯ ತುದಿಯಲ್ಲೇ ಕೂತಿದ್ದರು. ನೆಟ್‌ವರ್ಕ್ ಸಿಕ್ಕ ಕೂಡಲೇ ನನ್ನೆದುರೇ ಮೈಸೂರಿನ ಅಂಗಡಿಯವರಿಗೆ ಫೋನ್ ಮಾಡಿಸಿದೆ. ಆತ ರೇಗಿದ, ಅರ್ಧ ಆರ್ಡರ್ ವಾಪಸು ತೆಗೆದುಕೊಂಡ. ಆ ರಾತ್ರಿ ಶಾರದಕ್ಕ ಏಳು ಗಂಟೆ ನಿದ್ದೆ ಮಾಡಿದರು.

ಆಮೇಲಿನ ಸಲಹೆಗಳು ಸಣ್ಣವು. ಅಕ್ಟೋಬರಿನ ತುಲಾ ಸಂಕ್ರಮಣದವರೆಗೆ ಹೊಸ ಆರ್ಡರ್ ಬೇಡ. ಒಲೆಯ ಮುಂದೆ ಸಹಾಯಕಿಯೊಬ್ಬರನ್ನು ಕೂರಿಸಿ, ಒಂದು ಪಾತ್ರೆ ಕೆಟ್ಟರೂ ಪರವಾಗಿಲ್ಲ. ಮನೆ ದುಡ್ಡು, ವ್ಯಾಪಾರದ ದುಡ್ಡು ಬೇರೆ ಬೇರೆ ಡಬ್ಬಿಯಲ್ಲಿರಲಿ. ವಾರಕ್ಕೊಂದು ದಿನ ಫೋನ್ ಗಂಡನ ಕೈಯಲ್ಲಿರಲಿ. ಕಂತಿನ ಬಗ್ಗೆ ಬ್ಯಾಂಕಿನವರ ಹತ್ತಿರ ತಪ್ಪಿದ ಮೇಲಲ್ಲ, ತಪ್ಪುವ ಮೊದಲೇ ಮಾತಾಡಿ.

ಅವರ ತಮ್ಮ ನನಗೆ ಫೋನ್ ಮಾಡಿ ಬೇಸರದಿಂದ ಹೇಳಿದರು: "ಮೇಲೆ ಬರ್ತಿದ್ದವಳನ್ನ ನೀವು ಕೆಳಗೆ ಕೂರಿಸಿದ್ರಿ." ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಧೈರ್ಯ ತುಂಬಿ ಕಳಿಸುವುದು ನನಗೂ ಸುಲಭವಿತ್ತು. ಆದರೆ ಧೈರ್ಯಕ್ಕೆ ಅವರಲ್ಲಿ ಯಾವತ್ತೂ ಕೊರತೆ ಇರಲಿಲ್ಲ. ಪರಿಹಾರ ಕೇಂದ್ರದಿಂದ ಬಂದು ಒಲೆ ಹಚ್ಚಿದವರಿಗೆ ನಾನೇನು ಧೈರ್ಯ ಹೇಳಲಿ? ಕೊರತೆಯಿದ್ದದ್ದು ಹಣ್ಣಿಗೆ, ಕೈಗೆ, ನಿದ್ದೆಗೆ. ಇಂಥವರು ಬಂದರೆ ಇವತ್ತೂ ಇದೇ ಸಲಹೆ ಕೊಡುತ್ತೇನೆ.

ಸಾಲದ ಕಂತು ಇನ್ನೂ ಭಾರವೇ. ಯಂತ್ರ ವಾರದಲ್ಲಿ ಎರಡು ದಿನ ಮಾತ್ರ ಓಡುತ್ತಿದೆ. ಸಹಾಯಕಿ ಕುದಿಸಿದ ಮೊದಲ ಪಾತ್ರೆ ಸ್ವಲ್ಪ ತೆಳುವಾಯಿತಂತೆ, ಅದನ್ನು ಮನೆಗೇ ಇಟ್ಟುಕೊಂಡರಂತೆ. ಸೆಪ್ಟೆಂಬರಿನಲ್ಲಿ ಮುಂದಿನ ಭೇಟಿಗೆ ಗುರುವಾರ ಬನ್ನಿ ಎಂದೆ.

"ಗುರುವಾರ ಬೇಡ ಮೇಡಂ," ಎಂದರು ಶಾರದಕ್ಕ. "ಗುರುವಾರ ನಮ್ಮಲ್ಲಿ ರಸ್ತೆ ಬಂದ್."