ಪ್ಯಾರಾಮ್ಸ್ ಹಾಕಬೇಕಾ, ಓವರ್‌ಲೋಡ್ ಬರೆಯಬೇಕಾ?

ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲಾಗ್ ಮೆಥಡ್ (ಪ್ರೋಗ್ರಾಮ್‌ನಲ್ಲಿ ಆದದ್ದನ್ನು ಬರೆದಿಡುವ ಕೋಡ್) ಬರೆಯುತ್ತಿದ್ದೀರಿ, ಒಂದೇ ಹೆಸರಲ್ಲಿ ನಾಲ್ಕೈದು ಓವರ್‌ಲೋಡ್ (ಹೆಸರು ಒಂದೇ, ತೆಗೆದುಕೊಳ್ಳುವ ವ್ಯಾಲ್ಯೂಗಳು ಬೇರೆ ಇರುವ ಮೆಥಡ್‌ಗಳು) ಬರೆಯುವುದಾ, ಎಷ್ಟು ವ್ಯಾಲ್ಯೂ ಕೊಟ್ಟರೂ ಒಂದೇ ಅರೇಯಾಗಿ (ವ್ಯಾಲ್ಯೂಗಳ ಸಾಲಾಗಿ) ತೆಗೆದುಕೊಳ್ಳುವ ಪ್ಯಾರಾಮ್ಸ್ ಹಾಕಿ ಒಂದರಲ್ಲೇ ಮುಗಿಸುವುದಾ ಅಂತ ಕೇಳಿದ್ದೀರಿ. ನಾನು ಮೊದಲು ನೋಡುವುದು ಒಂದೇ: ಕೊಡುವ ವ್ಯಾಲ್ಯೂಗಳಲ್ಲಿ ಬದಲಾಗುವುದು ಬರೀ ಎಣಿಕೆಯಾ, ಅಥವಾ ಒಂದೊಂದರ ಅರ್ಥವೂ ಬೇರೆಯಾ?

ಮಲ್ಪೆಯ ಮೀನು ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಬಂಗುಡೆ ಬಾಕ್ಸ್‌ಗಳ ತೂಕ ಕೂಡಿಸುವ ಮೆಥಡ್‌ಗೆ ಪ್ಯಾರಾಮ್ಸ್ ಚೆನ್ನಾಗಿ ಹೊಂದಿತು. ಎಲ್ಲವೂ ತೂಕವೇ, ಎಲ್ಲವೂ ಡಬಲ್ (ದಶಮಾಂಶ ಸಂಖ್ಯೆಯ ಒಂದು ಟೈಪ್). ಎರಡು ಮೂರು ತೂಕ ಬಿಡಿಬಿಡಿಯಾಗಿ ಕೊಟ್ಟರೂ ಆಗುತ್ತದೆ, ಕೈಯಲ್ಲಿ ಅರೇ ಇದ್ದರೆ ಅದನ್ನೇ ಕೊಟ್ಟರೂ ಆಗುತ್ತದೆ. ಅದೇ ಹುಮ್ಮಸ್ಸಿನಲ್ಲಿ ಬಿಲ್ ಮಾಡುವ ಮೆಥಡ್‌ಗೂ ಪ್ಯಾರಾಮ್ಸ್ ಆಬ್ಜೆಕ್ಟ್ ಅರೇ (ಯಾವ ಟೈಪ್ ಬೇಕಾದರೂ ಹಿಡಿಸುವ ಅರೇ) ಹಾಕಿದೆ: ಮೊದಲು ಹೆಸರು, ಆಮೇಲೆ ತೂಕ, ಆಮೇಲೆ ದರ, ಬೇಕಿದ್ದರೆ ಐಸಿನ ಖರ್ಚು. ಒಂದು ಕಡೆ ತೂಕ ಮತ್ತು ದರ ಅದಲುಬದಲಾಗಿತ್ತು. ಕಂಪೈಲರ್ (ಕೋಡನ್ನು ಓಡಿಸುವ ಮೊದಲು ಪರೀಕ್ಷಿಸಿ ಅನುವಾದಿಸುವ ಪ್ರೋಗ್ರಾಮ್) ಚಕಾರ ಎತ್ತಲಿಲ್ಲ, ಯಾಕಂದ್ರೆ ಅದಕ್ಕೆ ಎಲ್ಲವೂ ಆಬ್ಜೆಕ್ಟ್. ಬೆಳಿಗ್ಗೆ ಏಲಂ ನಡೆಯುವ ಹೊತ್ತಿಗೆ ಡೆಸಿಮಲ್ (ಹಣದ ಲೆಕ್ಕಕ್ಕೆ ಬಳಸುವ ಟೈಪ್) ಇರಬೇಕಾದ ಕಡೆ ಡಬಲ್ ಸಿಕ್ಕಿ ಕಾಸ್ಟ್ ಎಕ್ಸೆಪ್ಶನ್ (ಟೈಪ್ ಹೊಂದದೆ ಬರುವ ದೋಷ) ಬಂತು, ಪ್ರೋಗ್ರಾಮ್ ನಿಂತಿತು, ಅವರು ಆ ದಿನ ಚೀಟಿಯಲ್ಲಿ ಲೆಕ್ಕ ಬರೆದರು. ನನಗೆ ತುಂಬಾ ಬೇಜಾರಾಯಿತು. ಈಗ ಅಲ್ಲಿ ಎರಡು ಓವರ್‌ಲೋಡ್ ಇವೆ, ಐಸ್ ಇರುವುದೊಂದು, ಇಲ್ಲದ್ದೊಂದು. ತೂಕ ಡಬಲ್, ದರ ಡೆಸಿಮಲ್ ಅಂತ ಬರೆದದ್ದರಿಂದ ಅದಲುಬದಲು ಮಾಡಿದರೆ ಕಂಪೈಲ್ ಆಗುವುದೇ ಇಲ್ಲ.

ವೇಗದ ಬಗ್ಗೆಯೂ ಕೇಳಿದ್ದೀರಿ. ಬಿಡಿಬಿಡಿಯಾಗಿ ಕೊಟ್ಟಾಗ ಪ್ರತಿ ಸಲವೂ ಒಂದು ಹೊಸ ಅರೇ ಹುಟ್ಟುತ್ತದೆ, ಆಬ್ಜೆಕ್ಟ್ ಅರೇ ಆದರೆ ಸಂಖ್ಯೆಗಳಿಗೆ ಬಾಕ್ಸಿಂಗ್ (ಪ್ರತಿಯೊಂದನ್ನೂ ಆಬ್ಜೆಕ್ಟ್ ಒಳಗೆ ಸುತ್ತಿಡುವುದು) ಬೇರೆ. ಸಾಮಾನ್ಯ ಕೆಲಸಕ್ಕೆ ಇದು ಲೆಕ್ಕಕ್ಕಿಲ್ಲ, ಲಕ್ಷಗಟ್ಟಲೆ ಸಲ ಸುತ್ತುವ ಲೂಪ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಟ್ರಿಂಗ್‌ಗಳನ್ನು (ಅಕ್ಷರಗಳ ಸಾಲುಗಳನ್ನು) ಜೋಡಿಸುವ ಸ್ಟ್ರಿಂಗ್ ಕಾನ್‌ಕ್ಯಾಟ್ ನೋಡಿ, 2, 3, 4 ಸ್ಟ್ರಿಂಗ್‌ಗಳಿಗೆ ಬೇರೆಬೇರೆ ಓವರ್‌ಲೋಡ್ ಇಟ್ಟು, ಅದಕ್ಕಿಂತ ಜಾಸ್ತಿ ಆದರೆ ಮಾತ್ರ ಪ್ಯಾರಾಮ್ಸ್‌ಗೆ ಹೋಗುತ್ತದೆ. ಎರಡೂ ಸಮನಾಗಿ ಹೊಂದುವಾಗ ಕಂಪೈಲರ್ ಮಾಮೂಲಿ ಓವರ್‌ಲೋಡನ್ನೇ ಆರಿಸುತ್ತದೆ, ಹಾಗಾಗಿ ಎರಡರ ಕೆಲಸವೂ ಒಂದೇ ಥರ ಇರಬೇಕು ಮಾರಾಯ್ರೆ, ಇಲ್ಲದಿದ್ದರೆ ಬಗ್ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ. 2024ರಲ್ಲಿ ಬಂದ ಸಿ ಶಾರ್ಪ್ 13ರಲ್ಲಿ ರೀಡ್‌ಓನ್ಲಿ ಸ್ಪ್ಯಾನ್‌ಗೂ (ಮೆಮೊರಿಯ ಒಂದು ತುಂಡನ್ನು ಓದಲು ಮಾತ್ರ ತೋರಿಸುವ ಟೈಪ್) ಪ್ಯಾರಾಮ್ಸ್ ಹಾಕಬಹುದು, ಆಗ ಹೀಪ್ (ಹೊಸ ಆಬ್ಜೆಕ್ಟ್‌ಗಳಿಗೆ ಜಾಗ ಕೊಡುವ ಮೆಮೊರಿ) ಮೇಲೆ ಅರೇ ಬೇಕಾಗುವುದಿಲ್ಲ.

ಇನ್ನೊಂದು, ಪ್ಯಾರಾಮ್ಸ್‌ಗೆ ಏನೂ ಕೊಡದೆ ಕರೆದರೂ ನಡೆಯುತ್ತದೆ. ಕನಿಷ್ಠ ಒಂದಾದರೂ ಬೇಕು ಅಂತಿದ್ದರೆ ಮೊದಲನೆಯದನ್ನು ಬೇರೆ ಪ್ಯಾರಾಮೀಟರ್ ಮಾಡಿ, ಉಳಿದವಕ್ಕೆ ಪ್ಯಾರಾಮ್ಸ್ ಹಾಕಿ. ಒಂಟಿ ನಲ್ (ಏನೂ ಇಲ್ಲ ಎಂಬ ಗುರುತು) ಕೊಟ್ಟರೆ ಅರೇಯೇ ನಲ್ ಆಗುತ್ತದೆ, ಅದನ್ನೂ ಒಳಗೆ ಚೆಕ್ ಮಾಡಿ.

ನಿಮ್ಮ ಲಾಗ್‌ಗೆ ನಾನಾದರೆ ಮೆಸೇಜನ್ನು ಸ್ಟ್ರಿಂಗ್ ಅಂತ ಮೊದಲಿಡುತ್ತೇನೆ, ಉಳಿದ ವ್ಯಾಲ್ಯೂಗಳಿಗೆ ಪ್ಯಾರಾಮ್ಸ್. ಎಕ್ಸೆಪ್ಶನ್ ಬರೆಯುವುದಕ್ಕೆ ಮಾತ್ರ ಬೇರೆಯೇ ಓವರ್‌ಲೋಡ್.