ಸತ್ತವರ ಹೆಸರನ್ನು ಹೇಳದ ಕಾಡು

ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಅಮೆಜಾನ್ ಮಳೆಕಾಡಿನಲ್ಲಿ ವಾಸಿಸುವ ಯಾನೊಮಾಮಿ ಜನರ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಬಾರಿ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ಯಾನೊಮಾಮಿ ನಾಯಕ ದಾವಿ ಕೊಪೆನಾವಾ ಅಂಗಿ ತೊಟ್ಟು, ಪೋರ್ಚುಗೀಸ್ ಮಾತನಾಡುತ್ತಾ, ವಿಮಾನದಲ್ಲಿ ದೇಶ ದೇಶ ಸುತ್ತುತ್ತಾರೆ. ಇಂಥವರು ಪೂರ್ವಿಕರ ಸಂಪ್ರದಾಯವನ್ನು ಉಳಿಸುತ್ತಿದ್ದಾರೆ ಎನ್ನುವುದು ಎಷ್ಟರಮಟ್ಟಿಗೆ ಸರಿ? (ಶಿರಸಿಯ ಓದುಗರೊಬ್ಬರು)

ಉತ್ತರ: ಅವರ ಹೆಸರಿನಿಂದಲೇ ಆರಂಭಿಸೋಣ. 'ದಾವಿ' ಎಂಬುದು ಬೈಬಲಿನ ಹೆಸರು. ಬಾಲ್ಯದಲ್ಲಿ ಮಿಷನರಿಗಳಿಂದ ಬಂದದ್ದು. 'ಕೊಪೆನಾವಾ' ಎಂಬುದು ಅವರಿಗೆ ಮುಂದೆ ಕಡಜದ ಆತ್ಮಗಳಿಂದ ದೊರೆತದ್ದು ಎಂದು ಅವರೇ ಹೇಳುತ್ತಾರೆ. ಸುಮಾರು 1956ರಲ್ಲಿ ತೊತೊತೊಬಿ ನದಿಯ ಸೀಮೆಯಲ್ಲಿ ಹುಟ್ಟಿದ ಅವರು, ಹೊರಗಿನವರು ತಂದ ಸೋಂಕುಗಳಿಂದ ಬಂಧುಗಳಲ್ಲಿ ಹೆಚ್ಚಿನವರನ್ನು ಕಳೆದುಕೊಂಡರು. 1967ರ ದಡಾರದಲ್ಲಿ ತಾಯಿಯೂ ತೀರಿಕೊಂಡರು. ಹೊರಗಿನವರ ಭಾಷೆಯನ್ನು ಅವರು ಹವ್ಯಾಸಕ್ಕೆಂದು ಕಲಿತವರಲ್ಲ. ಅನಾಥನಾದ ಹುಡುಗ ಬದುಕಲು ಹಿಡಿದ ದಾರಿ ಅದು. ಮುಂದೆ ಅದೇ ಭಾಷೆಯ ಬಲದಿಂದ ಅವರು ಸರ್ಕಾರದ ಆದಿವಾಸಿ ಇಲಾಖೆಯಲ್ಲಿ ದುಭಾಷಿಯಾಗಿ ಕೆಲಸ ಮಾಡಿದರು.

ಆದರೆ ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ವಾತೊರಿಕಿ ಎಂಬ ಊರಿನಲ್ಲಿ, ಹೆಣ್ಣು ಕೊಟ್ಟ ಮಾವನ ಕೈಯಲ್ಲಿ. ಆ ಹಿರಿಯರು ಶಾಮನ್ ಆಗಿದ್ದರು. ಶಾಮನ್ ಎಂದರೆ ನಮ್ಮ ಕರಾವಳಿಯ ಪಾತ್ರಿಯನ್ನು ನೆನಪಿಸಿಕೊಳ್ಳಬಹುದು, ಆದರೆ ಎರಡೂ ಒಂದೇ ಅಲ್ಲ. ರೋಗವನ್ನು ವಾಸಿಮಾಡುವುದು, ಮಳೆಗಾಳಿಗಳ ಸಮತೋಲವನ್ನು ಕಾಯುವುದು, ಆಕಾಶ ಕುಸಿಯದಂತೆ ನೋಡಿಕೊಳ್ಳುವುದು, ಇವೆಲ್ಲವೂ ಶಾಮನ್‌ನ ಹೊಣೆ. ಯಾಕೊಆನಾ ಎಂಬ ಮರದ ಪುಡಿಯನ್ನು ಉದ್ದನೆಯ ಕೊಳವೆಯಿಂದ ಗುರುವು ಶಿಷ್ಯನ ಮೂಗಿಗೆ ಊದುತ್ತಾನೆ. ಶಿಷ್ಯ ದಿನಗಟ್ಟಲೆ ಉಪವಾಸವಿದ್ದು, ಕಾಡಿನ ಪ್ರತಿ ಜೀವಿಯ ಪ್ರತಿರೂಪಗಳಾದ ಶಾಪಿರಿ ಎಂಬ ಹೊಳೆಯುವ ಪುಟ್ಟ ಆತ್ಮಗಳನ್ನು ಕಾಣಲು ಮತ್ತು ಅವುಗಳ ಹಾಡಿಗೆ ಓಗೊಡಲು ಕಲಿಯುತ್ತಾನೆ. ದಾವಿ ಈ ದೀಕ್ಷೆಯನ್ನು ಪಡೆದದ್ದು ಹೊರಗಿನ ಲೋಕವನ್ನು ಕಂಡು ಬಂದ ಮೇಲೆ, ತಾವಾಗಿಯೇ ಬಯಸಿ. ನನಗೆ ಮುಖ್ಯವೆನಿಸುವುದು ಈ ಮರಳುವಿಕೆಯೇ.

ಭೂಮಿಯೊಳಗಿನ ಚಿನ್ನವನ್ನು ಅಗೆದು ಸುಟ್ಟಾಗ ಹೊರಡುವ ಹೊಗೆಯೇ ಮಹಾಮಾರಿ ಎಂದು ಯಾನೊಮಾಮಿ ಶಾಮನ್‌ಗಳು ಹೇಳುತ್ತಾರೆ. ಅದಕ್ಕೆ 'ಶಾವಾರಾ' ಎಂದು ಹೆಸರು. ಅಕ್ರಮ ಗಣಿಗಾರರು ಚಿನ್ನವನ್ನು ಪಾದರಸದೊಂದಿಗೆ ಬೆರೆಸಿ, ಆ ಮಿಶ್ರಣವನ್ನು ಕಾಯಿಸಿ ಪಾದರಸವನ್ನು ಆವಿಯಾಗಿಸುತ್ತಾರೆ, ಉಳಿದದ್ದನ್ನು ಹೊಳೆಗೆ ಬಿಡುತ್ತಾರೆ ಎಂಬುದನ್ನು ಬಲ್ಲವರಿಗೆ ಈ ಮಾತು ಕಟ್ಟುಕತೆಯಾಗಿ ಕೇಳಿಸಲಾರದು. ರೋಗದ ಮೂಲವು ಕಾಡಿನ ಹೊರಗಿರುವಾಗ, ಅದನ್ನು ತಡೆಯಬೇಕಾದ ಶಾಮನ್ ಕಾಡಿನಿಂದ ಹೊರಗೆ ಹೋಗಲೇಬೇಕು. ಹಾಗಾಗಿ ಅವರ ವಿಮಾನಯಾನವು ಸಂಪ್ರದಾಯವನ್ನು ಮೀರಿದ್ದಲ್ಲ, ಆ ಹೊಣೆಯದೇ ಮುಂದುವರಿಕೆ. 2004ರಲ್ಲಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಯಾನೊಮಾಮಿಗಳದೇ ಆದ ಸಂಘಕ್ಕೆ 'ಹುತುಕಾರಾ' ಎಂದು ಹೆಸರಿಟ್ಟರು. ಆದಿಯಲ್ಲಿ ಒಮ್ಮೆ ಆಕಾಶ ಕುಸಿದುಬಿದ್ದು, ಆ ಹಳೆಯ ಆಕಾಶವೇ ನಾವು ನಿಂತಿರುವ ನೆಲವಾಯಿತು ಎಂಬ ಅವರ ಪುರಾಣದಿಂದ ಬಂದ ಹೆಸರದು.

ಪ್ರಶ್ನೆ: ಹೊರಗಿನ ಬೆಂಬಲಿಗರು ಇಂಥ ಸಮುದಾಯಕ್ಕೆ ನಿಜವಾಗಿ ನೆರವಾದ ಉದಾಹರಣೆ ಇದೆಯೇ? ಹೊರಗಿನವರ ಆಸಕ್ತಿಯೇ ಅವರಿಗೆ ಕೇಡಲ್ಲವೇ? (ಮೈಸೂರಿನ ವಿದ್ಯಾರ್ಥಿನಿಯೊಬ್ಬರು)

ಉತ್ತರ: ಎರಡೂ ನಡೆದಿವೆ. ಮೊದಲು ನೆರವಿನ ಮಾತು. ಕ್ಲಾಡಿಯಾ ಅಂದುಹಾರ್ ಎಂಬ ಛಾಯಾಗ್ರಾಹಕಿ 1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಟ್ರಾನ್ಸಿಲ್ವೇನಿಯಾದಲ್ಲಿ ಬೆಳೆದವರು. ಯಹೂದಿಯಾಗಿದ್ದ ಅವರ ತಂದೆಯನ್ನೂ ತಂದೆಯ ಕಡೆಯ ಬಂಧುಗಳನ್ನೂ ನಾತ್ಸಿಗಳು ಕೊಂದರು. ತಾಯಿ ಮಗಳು ಮಾತ್ರ ತಪ್ಪಿಸಿಕೊಂಡರು. 1955ರಲ್ಲಿ ಬ್ರೆಜಿಲಿಗೆ ಬಂದ ಕ್ಲಾಡಿಯಾ, 1971ರಿಂದ ಯಾನೊಮಾಮಿಗಳ ನಡುವೆ ಇದ್ದು ಚಿತ್ರ ತೆಗೆಯತೊಡಗಿದರು. ಅಷ್ಟರಲ್ಲಿ ಸೇನಾ ಸರ್ಕಾರವು ಕಾಡನ್ನು ಸೀಳಿ ಹೆದ್ದಾರಿ ಹಾಕಲು ಹೊರಟಿತು. ರಸ್ತೆಯ ಜೊತೆಗೆ ದಡಾರವೂ ಶೀತಜ್ವರವೂ ಒಳಗೆ ಬಂದವು. 1977ರಲ್ಲಿ ಅವರನ್ನು ಆ ಪ್ರದೇಶದಿಂದ ಹೊರಹಾಕಲಾಯಿತು. ಮರುವರ್ಷವೇ ಅವರು, ಕಾರ್ಲೊ ಜಾಕ್ವಿನಿ ಎಂಬ ಇಟಲಿಯ ಮಿಷನರಿ, ಬ್ರೂಸ್ ಆಲ್ಬೆರ್ ಎಂಬ ಫ್ರೆಂಚ್ ಮಾನವಶಾಸ್ತ್ರಜ್ಞ ಮತ್ತಿತರರು ಸೇರಿ, ಯಾನೊಮಾಮಿಗಳ ನೆಲಕ್ಕೆ ಕಾನೂನಿನ ರಕ್ಷಣೆ ಬೇಕೆಂದು ಹೋರಾಟ ಸಮಿತಿ ಕಟ್ಟಿದರು.

ಎಂಬತ್ತರ ದಶಕದ ಆರಂಭದಲ್ಲಿ ಕ್ಲಾಡಿಯಾ ವೈದ್ಯರೊಂದಿಗೆ ಊರೂರಿಗೆ ಹೋಗಿ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತರು. ಯಾರಿಗೆ ಯಾವ ಲಸಿಕೆ ಎಂದು ದಾಖಲೆ ಇಡುವುದು ಹೇಗೆ? ಯಾನೊಮಾಮಿಗಳಲ್ಲಿ ಒಬ್ಬರ ಹೆಸರನ್ನು ಅವರ ಎದುರಿಗೆ ಹೇಳುವುದು ಅವಮಾನ, ಸತ್ತವರ ಹೆಸರನ್ನಂತೂ ಎತ್ತುವಂತೆಯೇ ಇಲ್ಲ. (ಹೆಂಡತಿ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಹೇಳುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಹೆಸರಿನ ತೂಕ ಎಷ್ಟೆಂದು ಗೊತ್ತಿರುತ್ತದೆ.) ಆದ್ದರಿಂದ ಪ್ರತಿಯೊಬ್ಬರ ಕೊರಳಿಗೂ ಸಂಖ್ಯೆ ಬರೆದ ಪುಟ್ಟ ಫಲಕ ಹಾಕಿ ಫೋಟೊ ತೆಗೆದರು. ಆ ಚಿತ್ರಗಳಲ್ಲಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರಿದ್ದಾರೆ, ಕ್ಯಾಮೆರಾವನ್ನೇ ದಿಟ್ಟಿಸುವ ಹುಡುಗರಿದ್ದಾರೆ, ಎಲ್ಲರ ಎದೆಯ ಮೇಲೂ ಅಂಕಿ ಇದೆ. ಸಾಯಿಸುವುದಕ್ಕೆಂದು ತನ್ನವರ ಬಟ್ಟೆಗೆ ಹಳದಿ ನಕ್ಷತ್ರ ಹೊಲಿದು ಗುರುತಿಟ್ಟಿದ್ದನ್ನು ಕಂಡಿದ್ದ ಹೆಣ್ಣುಮಗಳು, ಬದುಕಿಸುವುದಕ್ಕಾಗಿ ಹೀಗೆ ಗುರುತಿಡಬೇಕಾಯಿತು. ಆ ಸಂಕಟವನ್ನು ಅವರು ಮುಚ್ಚಿಡಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಹತ್ತಾರು ಸಾವಿರ ಗಣಿಗಾರರು ನುಗ್ಗಿ ಮಲೇರಿಯಾ ಹರಡಿದ ಕಾಲದಲ್ಲಿ ದಾವಿ ಹೊರಗಿನ ವೇದಿಕೆಗಳಲ್ಲಿ ಮಾತನಾಡಿದರು, ಸಮಿತಿಯವರು ದಾಖಲೆಗಳನ್ನು ಒದಗಿಸಿದರು. ಹದಿನಾಲ್ಕು ವರ್ಷಗಳ ಪ್ರಯತ್ನದ ನಂತರ, 1992ರ ಮೇ ತಿಂಗಳಲ್ಲಿ ಸುಮಾರು 96 ಸಾವಿರ ಚದರ ಕಿಲೋಮೀಟರ್ ಕಾಡು ಯಾನೊಮಾಮಿ ನೆಲವೆಂದು ಅಧಿಕೃತವಾಯಿತು. ಕರ್ನಾಟಕದ ಅರ್ಧದಷ್ಟು ವಿಸ್ತೀರ್ಣ ಅದು.

ಕೇಡಿನ ಮಾತಿಗೆ ಬಂದರೆ, ಅಮೆರಿಕದ ಸಂಶೋಧಕರು 1960ರ ದಶಕದಲ್ಲಿ ಯಾನೊಮಾಮಿಗಳಿಂದ ರಕ್ತದ ಮಾದರಿ ಸಂಗ್ರಹಿಸಿ ಕೊಂಡೊಯ್ದರು. ಅವು ದಶಕಗಟ್ಟಲೆ ವಿಶ್ವವಿದ್ಯಾಲಯಗಳ ಶೀತಲಪೆಟ್ಟಿಗೆಗಳಲ್ಲಿ ಉಳಿದವು. ಯಾನೊಮಾಮಿಗಳಲ್ಲಿ ಒಬ್ಬರು ಸತ್ತರೆ ಅವರ ಬಿಲ್ಲು ಬಾಣ ಮುಂತಾದ ಸಾಮಾನನ್ನೆಲ್ಲ ಸುಡುತ್ತಾರೆ. ಮೂಳೆಯನ್ನು ಸುಟ್ಟು ಕುಟ್ಟಿದ ಬೂದಿಯನ್ನು ಸೋರೆ ಬುರುಡೆಯಲ್ಲಿ ಕಾದಿಟ್ಟು, ನೆರೆಯೂರಿನ ಬಂಧುಗಳನ್ನು ಕರೆದು 'ರೆಆಹು' ಎಂಬ ಹಬ್ಬದಲ್ಲಿ ಬಾಳೆಹಣ್ಣಿನ ಗಂಜಿಯೊಂದಿಗೆ ಬೆರೆಸಿ ಕುಡಿಯುತ್ತಾರೆ, ಇಲ್ಲವೆ ಒಲೆಯ ಪಕ್ಕದಲ್ಲಿ ಹೂಳುತ್ತಾರೆ. ಸತ್ತವರದು ಏನೂ ಉಳಿಯಬಾರದು. ಉಳಿದರೆ ಅವರ ಆತ್ಮಕ್ಕೆ ಬಿಡುಗಡೆಯಿಲ್ಲ, ಬದುಕಿದ್ದವರಿಗೆ ನೆಮ್ಮದಿಯಿಲ್ಲ. ಇಂಥ ಜನಕ್ಕೆ ತಮ್ಮ ತಂದೆತಾಯಿಯ ರಕ್ತ ಎಲ್ಲೋ ಹೆಪ್ಪುಗಟ್ಟಿ ಕುಳಿತಿದೆ ಎಂದು ತಿಳಿದಾಗ ಆದ ನೋವು ಎಂಥದೆಂದು ಯೋಚಿಸಿ. ದಾವಿ ಮತ್ತು ಅವರ ಜನ ವರ್ಷಗಟ್ಟಲೆ ಕೇಳಿದ ಮೇಲೆ, 2015ರಲ್ಲಿ 2,693 ಶೀಶೆಗಳು ಮರಳಿ ಬಂದವು. ತೊತೊತೊಬಿಯಲ್ಲಿ ಶಾಮನ್‌ಗಳ ಸಮ್ಮುಖದಲ್ಲಿ ಆ ರಕ್ತವನ್ನು ಮಣ್ಣಿಗೆ ಒಪ್ಪಿಸಿದರು.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಇದಕ್ಕೆ ಹೋಲುವುದು ಏನಾದರೂ ಇದೆಯೇ? (ಕೊಳ್ಳೇಗಾಲದ ಓದುಗರೊಬ್ಬರು)

ಉತ್ತರ: ನಿಮ್ಮ ಪಕ್ಕದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಅವರು ಆರಂಭಿಸಿದ ಕೆಲಸವೂ ಚಿಕಿತ್ಸೆಯಿಂದಲೇ ಶುರುವಾಗಿ ಶಾಲೆಗೆ, ಹಕ್ಕುಗಳಿಗೆ ಬೆಳೆಯಿತು. ಅವರಿಗೂ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೂ 1994ರಲ್ಲಿ ಸಂದ ರೈಟ್ ಲೈವ್ಲಿಹುಡ್ ಪ್ರಶಸ್ತಿಯೇ 2019ರಲ್ಲಿ ದಾವಿ ಮತ್ತು ಹುತುಕಾರಾ ಸಂಘಕ್ಕೆ ಸಂದಿತು. 2011ರಲ್ಲಿ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಅರಣ್ಯ ಹಕ್ಕುಗಳನ್ನು ಪಡೆದರು. ಸೋಲಿಗರಿಗೆ ಪವಿತ್ರವಾದ ದೊಡ್ಡಸಂಪಿಗೆ ಎಂಬ ಹಳೆಯ ಸಂಪಿಗೆ ಮರದ ಬಳಿ ಪೂಜೆ ನಡೆಯುವುದಕ್ಕೂ ಆ ಹಕ್ಕಿಗೂ ಸಂಬಂಧವಿಲ್ಲವೆಂದು ಯಾರೂ ತಿಳಿಯಬಾರದು.

ಪ್ರಶ್ನೆ: ಪ್ರವಾಸಿಗರಾಗಿ ಅಲ್ಲಿಗೆ ಹೋಗಲು ಸಾಧ್ಯವೇ? ಅವರ ಕೈಕೆಲಸದ ವಸ್ತುಗಳು ಹೇಗಿರುತ್ತವೆ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಮನಬಂದಂತೆ ಹೋಗುವಂತಿಲ್ಲ, ಸಮುದಾಯದ ಒಪ್ಪಿಗೆಯೂ ಸರ್ಕಾರದ ಅನುಮತಿಯೂ ಬೇಕು. ಸದ್ಯದ ಸ್ಥಿತಿಯಲ್ಲಿ ಅದು ಸರಿಯೂ ಹೌದು. ಗಣಿಗಾರರ ಹಾವಳಿಯಿಂದ ಹಸಿವೂ ಮಲೇರಿಯಾವೂ ಹೆಚ್ಚಿ, 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಅಲ್ಲಿ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಬೇಕಾಯಿತು. ಒಂದು ದಾರಿ ಮಾತ್ರ ಅವರೇ ತೆರೆದದ್ದು: ಬ್ರೆಜಿಲಿನ ಅತಿ ಎತ್ತರದ ಶಿಖರ, ಅವರು ಯಾರಿಪೊ ಎಂದು ಕರೆಯುವ 2,995 ಮೀಟರಿನ ಪರ್ವತಕ್ಕೆ ಮತುರಾಕಾ ಸೀಮೆಯ ಯಾನೊಮಾಮಿಗಳೇ ಚಾರಣಿಗರನ್ನು ಕರೆದೊಯ್ಯುತ್ತಾರೆ.

ಅದೇ ಸೀಮೆಯ ಹೆಂಗಸರು ಬಳ್ಳಿಯಿಂದ ಬುಟ್ಟಿ ಹೆಣೆಯುತ್ತಾರೆ. ಬುಟ್ಟಿಯ ಮೈಮೇಲಿನ ಕಪ್ಪು ಗೆರೆಗಳನ್ನು ಬಣ್ಣ ಬಳಿದು ಮಾಡಿದ್ದೆಂದು ಮೊದಲ ನೋಟಕ್ಕೆ ಅನಿಸಬಹುದು. ಹತ್ತಿರದಿಂದ ನೋಡಿದರೆ ಅದು ಕಾಡಿನ ನೆಲದ ತರಗೆಲೆಯಲ್ಲಿ ಕೂದಲಿನಂತೆ ಹಬ್ಬುವ ಒಂದು ಅಣಬೆಯ ಕಪ್ಪು ಎಳೆ. ಆ ಹೆಂಗಸರು ಅದನ್ನು 'ಪೆರಿಸಿ' ಎನ್ನುತ್ತಾರೆ. ವಿಜ್ಞಾನಿಗಳು ಅವರ ಜೊತೆಗೆ ಕುಳಿತು ಪರಿಶೀಲಿಸಿದಾಗ ಅದು ಅಲ್ಲಿಯವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಪ್ರಭೇದವೆಂದು ತಿಳಿಯಿತು. ಅದಕ್ಕೆ ಮರಾಸ್ಮಿಯಸ್ ಯಾನೊಮಾಮಿ ಎಂದು ಹೆಸರಿಟ್ಟಿದ್ದಾರೆ.